ಟಚ್ಚಪ್ಪ ಆಕಾಶದ ಮುಖ ತೊಳೆದದ್ದು

ಇಲ್ಲ ಅಂತ ತಲೆ ಅಲ್ಲಾಡಿಸಬೇಡ. ಆಕಾಶದ ಮುಖದ ಮೇಲಿನ ಮಚ್ಚೆ ಅಳಿಸಿದ ಮನುಷ್ಯ ಒಬ್ಬ ಇದ್ದ ಅಂದರೆ ಇದ್ದ. ಅಜ್ಜ ಬುರುಡೆ ಬಿಡುತ್ತಾನೆ ಅನ್ನುತ್ತೀಯ. ಬಿಡುತ್ತೇನಪ್ಪ, ಯಾರು ಇಲ್ಲ ಅಂದರು? ಮೊನ್ನೆ ಹೇಳಿದ ಕಥೆಯ ಮೊಸಳೆ ಅಷ್ಟು ಉದ್ದ ಇರಲಿಲ್ಲ, ಬಾಲದ ಕಡೆ ಸ್ವಲ್ಪ ನಾನೇ ಎಳೆದಿದ್ದೆ. ಆದರೆ ಇದು ಹಾಗಲ್ಲ. ಅವನ ಅಂಗಡಿ ಬೆಂಚಿನ ಮೇಲೆ ಕೂತು, ಬಿಟ್ಟಿ ಪೇಪರ್ ಓದುತ್ತಾ ಕಣ್ಣಾರೆ ಕಂಡದ್ದು. ನಾನು ಕಾಣದ್ದನ್ನು ಅವನ ಹೆಂಡತಿ ಹೇಳಿದ್ದಾಳೆ. ಆಕೆ ನನ್ನ ಹಾಗಲ್ಲ, ಸುಳ್ಳು ಹೇಳಲು ಹೋದರೆ ಬಿಕ್ಕಳಿಕೆ ಬರುತ್ತದೆ. ಸುಮ್ಮನೆ ಕೇಳು.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದನ್ನು ಕರೆಯುವವರೇ ಇರಲಿಲ್ಲ. ಫೋಟೋಗಳಿಗೆ ಟಚಪ್ ಮಾಡಿ ಮಾಡಿ ಬೀದಿಗೆಲ್ಲ ಅವನು ಟಚ್ಚಪ್ಪ. ಬೀಗದ ಕೈ ಮಾಡುವವನ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಫೋಟೋ ಸ್ಟುಡಿಯೋ ಅವನದು. ದಪ್ಪಗಿದ್ದವರು ಮೈ ಓರೆ ಮಾಡಿಕೊಂಡೇ ಒಳಗೆ ಹೋಗಬೇಕು. ಮುಂದುಗಡೆ ಕನ್ನಡಿ, ಹಲ್ಲು ಮುರಿದ ಬಾಚಣಿಗೆ, ಪೌಡರ್ ಡಬ್ಬಿ. ಒಳಗೆ ತಿರುಗುವ ಸ್ಟೂಲು, ಜಲಪಾತ ಬರೆದ ಪರದೆ. ಪರದೆಯ ಹಿಂದೆ, ಒಂದು ಕಾಲಕ್ಕೆ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆ. ಈಗ ಅಲ್ಲಿ ಕಂಪ್ಯೂಟರ್ ಕೂತಿತ್ತು. ಮಹಡಿಯ ಮೇಲೆ ಸಂಸಾರ.

ಫೋಟೋ ಯಾರು ಬೇಕಾದರೂ ತೆಗೆದಾರು. ತಿದ್ದುವುದರಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಮೊಡವೆ, ಗಾಯದ ಗುರುತು, ಕಣ್ಣ ಕೆಳಗಿನ ಕಪ್ಪು, ಎರಡನೆಯ ಗದ್ದ, ಏನೇ ಇರಲಿ, ಕಲೆ ತೆಗೆಯುವ ಬ್ರಷ್ಷನ್ನು ಅವನು ಹಾಗೆ ಆಡಿಸಿದರೆ ಮಾಯ. ಅವನ ಕೈಲಿ ಫೋಟೋ ತಿದ್ದಿಸಿಕೊಂಡ ಒಬ್ಬ ಅದನ್ನು ಗೋಡೆಗೆ ಹಾಕಿದರೆ, ಅವನ ಸ್ವಂತ ನಾಯಿಯೇ ಯಾರೋ ಕಳ್ಳ ಬಂದ ಅಂತ ಅದರ ಕೆಳಗೆ ನಿಂತು ಬೊಗಳಿತು. ಇನ್ನೊಬ್ಬನ ಫೋಟೋ ನೋಡಿ ಒಪ್ಪಿದ ಹುಡುಗಿ, ಹುಡುಗ ಎದುರಿಗೆ ಬಂದು ನಿಂತಾಗ 'ನಿಮ್ಮ ತಮ್ಮ ಬರಲಿಲ್ವಾ' ಅಂತ ಕೇಳಿದಳಂತೆ. ನಗು, ನಗು. ಟಚ್ಚಪ್ಪ ಮಾತ್ರ ನಗುತ್ತಿರಲಿಲ್ಲ. ಎಲ್ಲರಿಗೂ ಕೋಪ ಮೂಗಿನ ತುದಿಯಲ್ಲಿರುತ್ತದೆ, ಅವನಿಗೆ ಮೂಗೇ ಕೋಪದ್ದು. ಗಿರಾಕಿ ಗದ್ದ ಎತ್ತಿದರೆ ಬೈಗುಳ, ಇಳಿಸಿದರೆ ಬೈಗುಳ, ಎತ್ತದೆ ಇಳಿಸದೆ ಕೂತರೆ 'ಏನ್ರೀ, ಕಂಬದ ಹಾಗೆ ಕೂತ್ರೆ ಹೇಗೆ' ಅಂತ ಇನ್ನೊಂದು.

ಅಂಥವನ ಹೊಟ್ಟೆಗೆ ಬೆಂಕಿ ಹಾಕಿದ್ದು ಮೊಬೈಲು. ಜನ ತಮ್ಮ ಮುಖವನ್ನು ತಾವೇ ಹಿಡಿದುಕೊಂಡರು, ಫೋನೇ ಅದನ್ನು ತೊಳೆದು ಒರೆಸಿ ಕೊಟ್ಟಿತು. ಸ್ಟೂಲು ತಿರುಗುವುದನ್ನು ಮರೆತು ಕಿರುಗುಟ್ಟತೊಡಗಿತು. ಟಚ್ಚಪ್ಪ ಬಾಗಿಲಲ್ಲಿ ನಿಂತು, ಫೋನು ನೋಡುತ್ತಾ ಹೋಗುವವರನ್ನೆಲ್ಲ ಗುರಾಯಿಸುತ್ತಿದ್ದ, ಅವರು ಅವನದೇ ಜೇಬಿಗೆ ಕೈ ಹಾಕಿದ್ದಾರೋ ಎಂಬಂತೆ.

ಅವನಿಗೆ ಒಬ್ಬಳೇ ಮಗಳು. ಲಿಫ್ಟ್ ರಿಪೇರಿ ಮಾಡುವವಳು. ನಾವು ಲಿಫ್ಟಿನ ಒಳಗೆ ನಿಂತು ಹೆದರುತ್ತೇವೆ, ಅವಳು ಅದರ ನೆತ್ತಿಯ ಮೇಲೆ ನಿಂತು ಹಗ್ಗಕ್ಕೆ ಗ್ರೀಸ್ ಹಚ್ಚುವವಳು. ಅಪ್ಪನ ಕೋಪ ಪೂರ್ತಿ ಬಂದಿತ್ತು, ಬಾಯಿ ಮಾತ್ರ ಬಂದಿರಲಿಲ್ಲ. ಅವನದು ಸಿಡಿಯುವ ಪಟಾಕಿ, ಇವಳದು ಬೂದಿಯೊಳಗಿನ ಕೆಂಡ. ಎಡಗೆನ್ನೆಯ ಮೇಲೆ ಒಂದು ಹುಟ್ಟುಮಚ್ಚೆ, ಶಾಯಿಗೆ ಅದ್ದಿದ ಹೆಬ್ಬೆರಳು ಒತ್ತಿದಷ್ಟು ದೊಡ್ಡದು. ಅದನ್ನು ನೆನಪಿಟ್ಟುಕೋ.

ಎತ್ತರದ ಕಟ್ಟಡಗಳ ತಾರಸಿಯ ಕೀಲಿಕೈ ಅವಳ ಸೊಂಟದಲ್ಲೇ ಇರುತ್ತಿತ್ತಲ್ಲ, ಹಾಗೆ ಮೇಲೆ ಹೋಗಿ ಬಂದು ಆಕಾಶದ ಹುಚ್ಚು ಹತ್ತಿತು. ಹಳೆಯ ಟೆಲಿಸ್ಕೋಪು, ಆಕಾಶ ತಿರುಗಿದ ಹಾಗೆ ತಾನೂ ತಿರುಗುವ ಒಂದು ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಕ್ಯಾಮೆರಾ. ಗ್ರಂಥಾಲಯದ ಮಹಡಿಯಲ್ಲಿ ಸೇರುವ ಆಕಾಶ ನೋಡುವವರ ಕೂಟಕ್ಕೂ ಸೇರಿಕೊಂಡಳು. ಆ ಕೂಟದ ಹಿರಿಯರು ಒಬ್ಬ ಮೇಷ್ಟ್ರು. ಚಳಿ ಮುಗಿಯುವ ಹೊತ್ತಿಗೆ ಅಲ್ಲಿ ಪ್ರದರ್ಶನ, ಒಬ್ಬೊಬ್ಬರದು ಒಂದೊಂದು ಚಿತ್ರ. ಹೊಸಬಳಾದ ಅವಳಿಗೂ ಗೋಡೆಯಲ್ಲಿ ಜಾಗ ಕೊಟ್ಟರು. ಕೆಲವರಿಗೆ ಅದು ಹಿಡಿಸಲಿಲ್ಲ.

ಒಂದು ರಜಾ ದಿನ ಬೆಳಗ್ಗೆ ಅವಳು ಕತ್ತಲೆ ಕೋಣೆಗೆ ಬಂದು ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿದಳು. ಟಚ್ಚಪ್ಪ ಕನ್ನಡಕ ಏರಿಸಿ ನೋಡಿದ.

"ಏನಿದು?"

"ಫೋಟೋ ಅಪ್ಪ."

"ಫೋಟೋನಾ? ನಾನು ಹಂಚಿನ ತಳ ಅಂದ್ಕೊಂಡೆ."

"ಬೆಳಕು ಒಳಗಿದೆ. ಎಳೆದು ಹೊರಗೆ ತರ್ಬೇಕು. ನಾನು ಎಳೆದ್ರೆ ಹಸಿರು ಬೂಸ್ಟು ಹಿಡಿದ ಹಾಗೆ ಬರ್ತಿದೆ. ನಂಗೆ ಆಗ್ತಿಲ್ಲ."

ನನಗೆ ಆಗುತ್ತಿಲ್ಲ ಅಂತ ಅವಳು ಅಪ್ಪನ ಮುಂದೆ ಹೇಳಿದ್ದು ಯಾವ ಕಾಲದಲ್ಲೋ. ಟಚ್ಚಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಗಂಟಲು ಸರಿಮಾಡಿಕೊಂಡ. "ಸರಿ, ಎಷ್ಟು ತೆಗೆದಿದ್ದೀಯ? ರಾಶಿ ಇದ್ಯಲ್ಲ. ಇದ್ರಲ್ಲಿ ಒಳ್ಳೇದು ಒಂದು ಆರಿಸು, ಮಿಕ್ಕಿದ್ದು ಬಿಸಾಡು."

"ಬಿಸಾಡಂಗಿಲ್ಲ. ಎಲ್ಲಾನೂ ಒಂದರ ಮೇಲೊಂದು ಕೂರಿಸ್ಬೇಕು. ನಿಜವಾಗಿ ಇರೋದು ಎಲ್ಲದ್ರಲ್ಲೂ ಅದೇ ಜಾಗದಲ್ಲಿ ಇರುತ್ತೆ, ಗಟ್ಟಿ ಆಗುತ್ತೆ. ಕಾಳು ಕಾಳಾಗಿ ಕಾಣೋ ಸುಳ್ಳು ಚುಕ್ಕಿ ಒಂದೊಂದ್ರಲ್ಲಿ ಒಂದೊಂದು ಕಡೆ ಇರುತ್ತೆ, ಕರಗಿ ಹೋಗುತ್ತೆ."

"ಒಬ್ಬನದೇ ಮುಖ ನೂರು ಸಲ ಒಂದರ ಮೇಲೊಂದು ಇಟ್ರೆ ಏನಾಗುತ್ತೆ ಗೊತ್ತಾ? ದೆವ್ವ."

"ಅವನು ಅಲ್ಲಾಡ್ತಾನೆ ಅಪ್ಪ. ಇದು ಅಲ್ಲಾಡಲ್ಲ."

ಹೀಗೆ ಶುರುವಾಯಿತು ಪಾಠ. ಪಾಠವಲ್ಲ, ಕುಸ್ತಿ. ಇನ್ನೊಂದು ಕಂತೆ ತೆರೆದರೆ ಅದು ಮೊದಲಿನದಕ್ಕಿಂತಲೂ ಕಪ್ಪು. ಕ್ಯಾಮೆರಾಕ್ಕೆ ಮುಚ್ಚಳ ಹಾಕಿಯೇ ತೆಗೆದದ್ದು ಅಂದಳು. ಟಚ್ಚಪ್ಪನ ಕಿವಿ ಕೆಂಪಾಯಿತು. ಅವನ ಅಂಗಡಿಯಲ್ಲಿ ಮುಚ್ಚಳ ತೆಗೆಯಲು ಮರೆತವನ ತಲೆಗೆ ಅದೇ ಮುಚ್ಚಳದಿಂದ ಬೀಳುತ್ತಿತ್ತು.

"ಬೇಕು ಅಂತ್ಲೇ ಹಾಕಿದ್ದು," ಅಂದಳು ಅವಳು. "ಬೆಳಕೇ ಇಲ್ದಿದ್ರೂ ಕ್ಯಾಮೆರಾ ತಾನೇ ಕೆಲವು ಚುಕ್ಕಿ ಹುಟ್ಟಿಸುತ್ತೆ. ಯಾವುದು ಅಂತ ಇದ್ರಲ್ಲಿ ಗೊತ್ತಾಗುತ್ತೆ, ಅಷ್ಟನ್ನ ಮಾತ್ರ ಕಳೀಬೇಕು. ಇದು ಬಿಳೀ ಬೆಡ್‌ಶೀಟ್ ಕಟ್ಟಿ ತೆಗೆದಿದ್ದು, ಲೆನ್ಸ್ ಮೇಲಿನ ಧೂಳು ಎಲ್ಲಿದೆ ಅಂತ ತೋರಿಸುತ್ತೆ. ಅದನ್ನೂ ಕಳೀಬೇಕು. ನಾವು ಮಾಡಿದ ಕೊಳೆ ನಾವು ತೆಗಿಯೋದು. ಆಕಾಶದ್ದು ಮುಟ್ಟೋ ಹಾಗಿಲ್ಲ."

"ನನಗೆ ಫೋಟೋ ಕಲಿಸ್ತೀಯಾ?"

"ಕೇಳಿಸ್ಕೊಂಡ್ಯಾ ಇಲ್ವಾ?"

"ಕೇಳಿಸ್ತು ಮಾರಾಯ್ತಿ, ಕಿವುಡ ಅಲ್ಲ."

ಅದೆಲ್ಲ ಕೂಡಿ ಕಳೆದು ಕಂಪ್ಯೂಟರ್ ಏದುಸಿರು ಬಿಟ್ಟು ಒಂದು ಚಿತ್ರ ಕೊಟ್ಟಿತು. ಅದೂ ಕಪ್ಪೇ. ಟಚ್ಚಪ್ಪ ಮೌಸನ್ನು ಮೇಜಿಗೆ ಕುಟ್ಟಿದ. ಅವಳು ಬೆಳಕನ್ನು ಎಳೆಯುವ ಗೆರೆ ತೋರಿಸಿದಳು. ಒಂದೇ ಸಲಕ್ಕೆ ಎಳೆದ, ಪರದೆಯ ತುಂಬ ಹಿಮ ಸುರಿದ ಹಾಗೆ ಬೆಳ್ಳಗಾಯಿತು. ಬೈದ. ಮೆಲ್ಲಗೆ ಎಳೆದ, ಒಂದು ಮೂಲೆಯಿಂದ ಕಿತ್ತಳೆ ಬಣ್ಣ ಹರಡಿಕೊಂಡು ಬಂತು. ಅದು ಬೀದಿ ದೀಪದ ಬೆಳಕು ಅಂದಳು. ಎದ್ದು ಹೊರಗೆ ಹೋಗಿ, ಹಗಲು ಹೊತ್ತಿನಲ್ಲಿ ಪಾಪ ಆರಿ ನಿಂತಿದ್ದ ದೀಪದ ಕಂಬಕ್ಕೆ ಬೈದು ಬಂದ. ನಾನು ಬೆಂಚಿನ ಮೇಲಿಂದಲೇ ನೋಡಿದೆ, ಕಂಬ ನಾಚಿಕೆಯಿಂದ ಸ್ವಲ್ಪ ಬಗ್ಗಿತು. ಈಗಲೂ ಅದು ವಾಲಿಕೊಂಡೇ ಇದೆ, ಬೇಕಾದರೆ ಹೋಗಿ ನೋಡು.

ಆ ಕಿತ್ತಳೆಯನ್ನು ಕಳೆದು, ಹಸಿರನ್ನು ಇಳಿಸಿ, ಮತ್ತೆ ಎಳ್ಳಷ್ಟು ಎಳ್ಳಷ್ಟೇ ಎಳೆದಾಗ ಆ ಕಪ್ಪಿನೊಳಗಿಂದ ಕೆಂಪಗೆ ಏನೋ ಮೇಲೆದ್ದು ಬಂತು. ಮೊದಲು ಹೊಗೆಯ ಹಾಗೆ. ಆಮೇಲೆ ಬಳೆಯ ಹಾಗೆ. ಆಮೇಲೆ ಪದರ ಪದರವಾಗಿ ಅರಳಿದ ಗುಲಾಬಿ ಬಣ್ಣದ ಮೋಡ, ಮಳೆ ಮೋಡವಲ್ಲ, ನಕ್ಷತ್ರಗಳ ಊರಿನದು, ನಡುವೆ ನೀಲಿ ನಕ್ಷತ್ರಗಳ ಗೊಂಚಲು. ಟಚ್ಚಪ್ಪ ಬೈಯುವುದನ್ನು ಮರೆತ. ಹಿಂದೆ ಈ ಕೋಣೆಯಲ್ಲಿ ಕೆಂಪು ಬಲ್ಬಿನ ಕೆಳಗೆ, ತಟ್ಟೆಯ ನೀರಿನಲ್ಲಿ ಖಾಲಿ ಕಾಗದದ ಮೇಲೆ ಮುಖಗಳು ಹೀಗೇ ಮೆಲ್ಲಗೆ ಮೂಡುತ್ತಿದ್ದವು. ಹತ್ತಾರು ವರ್ಷ ನೋಡಿದರೂ ಪ್ರತಿ ಸಲ ಅವನ ಉಸಿರು ಹಿಡಿದುಕೊಳ್ಳುತ್ತಿತ್ತು. ಈಗಲೂ ಹಿಡಿದುಕೊಂಡಿತು. ಅವಳು ಪಕ್ಕದಲ್ಲಿ ಕೂತು ಪರದೆಯನ್ನಲ್ಲ, ಅವನನ್ನು ನೋಡಿದಳಂತೆ.

"ನಾಳೆ ಇನ್ನೊಂಚೂರು ಹದ ಮಾಡಿ ಪ್ರಿಂಟ್ ಹಾಕ್ತೀನಿ," ಅಂದ. "ನೀನು ಕೆಲಸಕ್ಕೆ ಹೋಗು. ಮುಂದಿಂದು ನನ್ನ ವಿದ್ಯೆ."

ಅಲ್ಲೇ ಎಡವಟ್ಟಾದದ್ದು. ಮರುದಿನ ಅವಳು ಎಲ್ಲೋ ಲಿಫ್ಟಿನ ಗುಂಡಿಯಲ್ಲಿದ್ದಾಗ ಟಚ್ಚಪ್ಪ ಒಬ್ಬನೇ ಪರದೆಯ ಮುಂದೆ ಕೂತ. ದೊಡ್ಡದು ಮಾಡಿ ನೋಡಿದ. ನಯವಾದ ಗುಲಾಬಿ ಮೈ. ಅದರ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕಿಗಳು, ಒಂದು ಕಡೆ ಸಾಲಾಗಿ, ಒಂದು ಕಡೆ ಗುಂಪಾಗಿ. ಅವನು ಯೋಚಿಸಿದ ಅಂದರೆ ತಪ್ಪಾಗುತ್ತದೆ. ಗುಲಾಬಿ ಕೆನ್ನೆ, ಮೇಲೆ ಕಪ್ಪು ಕಲೆ. ಆ ಕೈ ಜೀವಮಾನವೆಲ್ಲ ಮಾಡಿದ್ದು ಒಂದೇ ಕೆಲಸ. ಬ್ರಷ್ ಹಿಡಿಯಿತು, ಪಕ್ಕದ ಗುಲಾಬಿಯನ್ನು ಎತ್ತಿ ಕಪ್ಪಿನ ಮೇಲೆ ಹಚ್ಚಿತು. ಒಂದೊಂದೇ ಚುಕ್ಕಿ, ಹುಬ್ಬು ಗಂಟಿಕ್ಕಿಕೊಂಡು, ನಾಲಗೆ ತುದಿ ಹೊರಗೆ ಹಾಕಿಕೊಂಡು. ಮಧ್ಯಾಹ್ನದ ಹೊತ್ತಿಗೆ ಮೋಡ ಹೇಗಾಯಿತು ಅಂದರೆ, ಈಗಷ್ಟೇ ಸ್ನಾನ ಮಾಡಿಸಿದ ಮಗುವಿನ ಕೆನ್ನೆ.

ಆಮೇಲೆ ಅಂಗಡಿಯ ಪದ್ಧತಿಯಂತೆ ತಿದ್ದದ ಫೈಲುಗಳನ್ನೆಲ್ಲ ಅಳಿಸಿ ಹಾಕಿದ. ಗಿರಾಕಿ ತನ್ನ ನಿಜವಾದ ಮುಖವನ್ನು ನೋಡಬಾರದು, ನೋಡಿದರೆ ಚೌಕಾಸಿಗೆ ಇಳಿಯುತ್ತಾನೆ ಅನ್ನುವುದು ಅವನ ಕಟ್ಟಳೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಮಗಳಿಗೂ ತೋರಿಸದೆ ತಾನೇ ಹೊತ್ತುಕೊಂಡು ಹೋಗಿ ಗ್ರಂಥಾಲಯದ ಗೋಡೆಗೆ ಏರಿಸಿದ. ಕೆಳಗೆ ಮಗಳ ಹೆಸರಿನ ಚೀಟಿ. ಒಂದು ಹೆಜ್ಜೆ ಹಿಂದೆ ಬಂದು ನೋಡಿ, ಚೀಟಿಯನ್ನು ಎರಡು ಸಲ ನೆಟ್ಟಗೆ ಮಾಡಿದ.

ಪ್ರದರ್ಶನದ ದಿನ ನನ್ನನ್ನೂ ಎಳೆದುಕೊಂಡು ಹೋದ. ಮಗಳು ಕೆಲಸದ ಬಟ್ಟೆ ಬದಲಿಸಿ, ಕೂದಲು ಹಿಂದಕ್ಕೆ ಕಟ್ಟಿ, ಕೆನ್ನೆಯ ಮಚ್ಚೆ ಪೂರ್ತಿ ಕಾಣುವ ಹಾಗೆ ನೇರ ನಡೆದು ಬಂದಳು. ಚಿತ್ರದ ಮುಂದೆ ನಿಂತವಳು ನಿಂತೇಬಿಟ್ಟಳು. ಅಷ್ಟರಲ್ಲಿ ಮೇಷ್ಟ್ರು ಬಂದು ಕನ್ನಡಕ ತೆಗೆದರು, ಹಾಕಿದರು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು.

"ಬಣ್ಣ ಚೆನ್ನಾಗಿ ಬಂದಿದೆ," ಅಂದರು. "ಆದ್ರೆ ಇಲ್ಲಿ ಕಪ್ಪು ಗಂಟುಗಳು ಇರ್ಬೇಕಿತ್ತಲ್ಲಮ್ಮ. ಎಲ್ಲಿ ಹೋದ್ವು?"

ಟಚ್ಚಪ್ಪ ಎದೆಯುಬ್ಬಿಸಿ ಮುಂದೆ ಬಂದ. "ನಾನು ತೆಗೆದೆ ಸರ್. ಧೂಳು ಕೂತಿತ್ತು."

"ಧೂಳೇ ಸ್ವಾಮಿ. ಆದ್ರೆ ನಿಮ್ಮ ಲೆನ್ಸ್ ಮೇಲಿಂದಲ್ಲ, ಆಕಾಶದ್ದೇ. ಹಿಂದಿನ ಬೆಳಕನ್ನ ತಡೆದು ಕಪ್ಪಾಗಿ ಕಾಣುತ್ತೆ. ಅಂಥ ಗಂಟುಗಳ ಒಳಗೇ ಹೊಸ ನಕ್ಷತ್ರ ಹುಟ್ಟೋದೂ ಉಂಟು. ಅದನ್ನ ಒರೆಸಿಬಿಟ್ರೆ ಇದು ಆಕಾಶದ ಫೋಟೋ ಆಗಲ್ಲ, ನೀವು ಬರೆದ ಚಿತ್ರ ಆಗುತ್ತೆ."

ಮೇಷ್ಟ್ರು ಮೆಲ್ಲಗೇ ಹೇಳಿದ್ದರು. ಆದರೆ ಕೂಟದಲ್ಲಿ ಔಷಧಿ ಅಂಗಡಿಯವನೊಬ್ಬನಿದ್ದ, ಗೋಡೆಯಲ್ಲಿ ಆ ಜಾಗದ ಮೇಲೆ ಕಣ್ಣಿಟ್ಟಿದ್ದವನು. ಅವನು ಪಕ್ಕದವನಿಗೆ ಹೇಳುವ ಹಾಗೆ ಎಲ್ಲರಿಗೂ ಕೇಳಿಸಿದ. "ಲಿಫ್ಟಲ್ಲಿ ಮೇಲೆ ಹೋಗಿ ಬಟ್ಟೆ ತಗೊಂಡು ಒರೆಸಿ ಬಂದಿರ್ಬೇಕು."

ನಾಲ್ಕು ಜನ ನಕ್ಕರು. ಟಚ್ಚಪ್ಪ ಅವನ ಕಡೆ ನುಗ್ಗಿದ. "ಯಾವನೋ ಅವನು? ನಿನ್ನ ಮುಖಕ್ಕೆ ನಾನು ಅದೆಷ್ಟು ಸಲ ಸುಣ್ಣ ಹೊಡೆದಿದ್ದೀನಿ ಹೇಳ್ಲಾ ಇಲ್ಲಿ? ಕಲೆ ಇದ್ರೆ ತೆಗೀತಾರೆ, ಅದ್ರಲ್ಲಿ ತಪ್ಪೇನು? ಕಲೆ ಯಾರಿಗೆ ಬೇಕು?"

ಕೊನೆಯ ಮಾತು ಆ ಹಾಲಿನಲ್ಲಿ ದೊಡ್ಡದಾಗಿ ಕೇಳಿಸಿತು. ಎಲ್ಲರೂ ಬೇಡಬೇಡವೆಂದರೂ ಮಗಳ ಕೆನ್ನೆಯನ್ನೇ ನೋಡಿದರು. ಅವಳು ಹೆಸರಿನ ಚೀಟಿಯನ್ನು ಗೋಡೆಯಿಂದ ಕಿತ್ತು, ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಮೇಷ್ಟ್ರು ಚಿತ್ರವನ್ನು ಇಳಿಸಿ ಟಚ್ಚಪ್ಪನ ಕೈಗೆ ಕೊಟ್ಟರು. "ಪ್ರದರ್ಶನ ಮುಗಿಯೋದ್ರೊಳಗೆ ನಿಜವಾದ್ದು ತಂದ್ರೆ ಹಾಕೋಣ. ಜಾಗ ಹಾಗೇ ಇಟ್ಟಿರ್ತೀನಿ," ಅಂದರು.

ಮನೆಯಲ್ಲಿ ಏನಾಯಿತು ಅಂತ ಅವನ ಹೆಂಡತಿ ಹೇಳಿದ್ದು. ಮಗಳು ಟೆಲಿಸ್ಕೋಪನ್ನು ಗೋಣಿಚೀಲದಲ್ಲಿ ಸುತ್ತುತ್ತಿದ್ದಳಂತೆ. ಯಾರಿಗಾದರೂ ಕೊಟ್ಟುಬಿಡುತ್ತೇನೆ, ಕೂಟಕ್ಕೂ ಇನ್ನು ಹೋಗುವುದಿಲ್ಲ ಅಂದಳು. ಟಚ್ಚಪ್ಪ ಬಾಗಿಲಲ್ಲೇ ಶುರು ಮಾಡಿದ. ಔಷಧಿ ಅಂಗಡಿಯವನಿಗೆ ಬೈದ, ಮೇಷ್ಟ್ರಿಗೆ ಬೈದ, ಕೊನೆಗೆ "ನಿನಗೋಸ್ಕರ ಅಲ್ವೇನೆ ನಾನು ಅಷ್ಟು ಕಣ್ಣು ಸವೆಸಿದ್ದು" ಅಂತ ಅವಳಿಗೂ ಬೈದ.

"ರೀ, ಸ್ವಲ್ಪ ಬಾಯಿಗೆ ಬಿಡುವು ಕೊಡಿ," ಅಂದಳು ಹೆಂಡತಿ.

ಮಗಳು ಎದ್ದು ಕಪಾಟಿನಿಂದ ಆಲ್ಬಮ್ಮುಗಳನ್ನು ಎಳೆದು ತಂದು ಅವನ ಕಾಲ ಬಳಿ ರಾಶಿ ಹಾಕಿದಳು.

"ಇದ್ರಲ್ಲಿ ನನ್ನ ಒಂದು ಫೋಟೋ ತೋರ್ಸು."

"ಎಲ್ಲಾ ನಿಂದೇ ಅಲ್ವಾ?"

"ನಂದಲ್ಲ. ಮಚ್ಚೆ ಇರೋದು ಒಂದು ತೋರ್ಸು."

ಅವನು ಕೂತು ಹುಡುಕಿದ. ತೊಟ್ಟಿಲ ಫೋಟೋ, ಶಾಲೆಯ ಮೊದಲ ದಿನ, ಹಲ್ಲು ಬಿದ್ದದ್ದು, ಸೈಕಲ್ಲು, ಕೆಲಸ ಸಿಕ್ಕ ದಿನ. ಎಲ್ಲದರಲ್ಲೂ ಎಡಗೆನ್ನೆ ತೊಳೆದಿಟ್ಟ ತಟ್ಟೆ. ಅವನ ಕೈಕೆಲಸ, ಎಲ್ಲಿ ಅಳಿಸಿದ್ದು ಅಂತ ಅವನಿಗೂ ಗುರುತು ಸಿಗದಷ್ಟು ಚೊಕ್ಕ. ಹಾಳೆ ತಿರುಗಿಸುವ ವೇಗ ಹೆಚ್ಚುತ್ತಾ ಹೋಯಿತು, ಆಮೇಲೆ ನಿಂತಿತು.

"ಯಾರೂ ನಿನ್ನ ಬಗ್ಗೆ ಒಂದು ಮಾತು ಆಡ್ಬಾರ್ದು ಅಂತ ತೆಗೆದೆ," ಅಂದ. "ನೀನು ಹುಟ್ಟಿದಾಗ ನಿನ್ನ ದೊಡ್ಡತ್ತೆ ಅಂದಿದ್ದು ನಿನಗೇನು ಗೊತ್ತು? ಫೋಟೋ ನೋಡಿ ಬಾಯಿ ಮುಚ್ಕೊಂಡ್ಳು."

"ದೊಡ್ಡತ್ತೆ ಒಂದು ಸಲ ಅಂದ್ಳು. ನೀನು ಪ್ರತಿ ಫೋಟೋದಲ್ಲೂ ಅಂದೆ." ಅವಳ ದನಿ ಏರಲಿಲ್ಲ. "ಚಿಕ್ಕವಳಿದ್ದಾಗ ಗೋಡೆ ಮೇಲಿನ ಫೋಟೋ ನೋಡಿ, ನಾನಲ್ದೆ ಇನ್ನೊಬ್ಳು ಮಗಳಿದ್ದಾಳೆ, ಅಪ್ಪಂಗೆ ಅವಳೇ ಇಷ್ಟ ಅಂದ್ಕೊಂಡಿದ್ದೆ. ಆಕಾಶದ್ದು ಅಸಲು ಉಳಿದಿದೆ. ನಿನ್ನ ಬುದ್ಧಿ ಗೊತ್ತಿದ್ದೇ ಒಂದು ಪ್ರತಿ ನಾನು ಇಟ್ಕೊಂಡಿದ್ದೆ. ನಂದು ಉಳಿದಿಲ್ಲ ಅಪ್ಪ."

ಟಚ್ಚಪ್ಪ ಆಲ್ಬಮ್ಮು ಮುಚ್ಚಿ ಎದ್ದ. ಅಂಗಡಿಗೆ ಇಳಿದು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತ, ಯಾರಿಗೂ ಬೈಯಲಿಲ್ಲ. ಬೀದಿಯವರು ಅವನಿಗೆ ಮೈ ಸರಿಯಿಲ್ಲ ಅಂದುಕೊಂಡು ಒಬ್ಬೊಬ್ಬರೇ ಬಂದು ವಿಚಾರಿಸಿ ಹೋದರು.

ಮಾತು ಬಿಟ್ಟ ಮಗಳನ್ನು ಮನೆಯಲ್ಲಿ ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಪ್ರದರ್ಶನ ಮುಗಿಯಲು ಬಂದಾಗ ಅವಳು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೇ ಹೋದ. ಕೆಳಗಿನ ಅಂತಸ್ತಿನಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಮುಂದೆ ತಡೆಹಲಗೆ. ಅವಳು ಮೇಲೆಲ್ಲೋ ಲಿಫ್ಟಿನ ನೆತ್ತಿಯ ಮೇಲೆ ಕೂತು ಸ್ಪ್ಯಾನರ್ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಲಿಫ್ಟು ಸರಿಯಾಗುವುದನ್ನೇ ಕಾಯುತ್ತಿದ್ದಳು. ಟಚ್ಚಪ್ಪ ಆ ಕತ್ತಲೆ ಬಾವಿಗೆ ಕುತ್ತಿಗೆ ಚಾಚಿ ಕೂಗಿದ.

"ಫೈಲ್ ಕೊಡೇ."

ಅವನ ಗಂಟಲು ಗೊತ್ತಲ್ಲ. ಆ ಕೂಗಿಗೆ ಪ್ರತಿ ಅಂತಸ್ತಿನಲ್ಲೂ ಲಿಫ್ಟಿನ ಬಾಗಿಲುಗಳು ತಾವಾಗಿಯೇ ತೆರೆದುಕೊಂಡವು. ಆಯ್ತಪ್ಪ, ತೆರೆದುಕೊಳ್ಳಲಿಲ್ಲ. ಜನ ಮನೆಯಿಂದ ಹೊರಗೆ ಬಂದರು, ಅಷ್ಟಂತೂ ನಿಜ.

"ಕೊಡಲ್ಲ," ಅಂತ ಮೇಲಿಂದ ಬಂತು.

"ಯಾಕೆ?"

"ನಿನ್ನ ಕೈ ಸುಮ್ನಿರಲ್ಲ."

"ಸುಮ್ನಿರಿಸ್ತೀನಿ."

"ಮೂವತ್ತು ವರ್ಷ ಸುಮ್ನಿರ್ಲಿಲ್ಲ."

ಟಚ್ಚಪ್ಪ ತಡೆಹಲಗೆ ಹಿಡಿದುಕೊಂಡು ನಿಂತ. ಅವಳ ಮುಖ ಕಾಣುತ್ತಿರಲಿಲ್ಲ, ಗ್ರೀಸಿನ ವಾಸನೆ ಮಾತ್ರ. ಮುಖ ಕಾಣದ್ದಕ್ಕೇ ಇರಬೇಕು, ಮಾತು ಹೊರಗೆ ಬಂತು. "ನಿನ್ನ ಮುಖದಲ್ಲಿ ಕೊಳೆ ಇರ್ಲಿಲ್ಲ. ನಾನು ಹುಟ್ಟಿಸಿದ್ದು ಅದು. ನನ್ನದನ್ನ ನಾನು ತೆಗೀಬೇಕಿತ್ತು, ನಿನ್ನದನ್ನ ತೆಗೆದೆ. ತಪ್ಪಾಯ್ತು." ಅಷ್ಟು ಹೇಳಿ, ಅದನ್ನೂ ಕೋಪದಲ್ಲೇ ಹೇಳಿದ್ದು ನೋಡು, "ಈಗ ಕೊಡ್ತೀಯೋ ಇಲ್ವೋ?"

ಸ್ಪ್ಯಾನರಿನ ಸದ್ದು ನಿಂತಿತು. ತರಕಾರಿ ಚೀಲದವಳಿಗೆ ತಾಳ್ಮೆ ಮುಗಿಯಿತು. "ಕೊಟ್ಬಿಡಮ್ಮ," ಅಂತ ಮೇಲಕ್ಕೆ ಕೂಗಿದಳು. "ಕೊಟ್ಟು ಲಿಫ್ಟ್ ಬಿಡು. ನನ್ನ ಮಂಡಿ ನೋಡಬಾರ್ದೇನು?"

ಮೇಲಿಂದ ಒಂದು ನಗು ಬಿತ್ತು, ನಗುವೋ ಕೆಮ್ಮೋ. "ನಾನು ಪಕ್ಕದಲ್ಲಿ ಕೂತ್ಕೋತೀನಿ," ಅಂದಳು ಮಗಳು. "ನಾನು ಹೇಳ್ದೆ ಒಂದು ಚುಕ್ಕಿ ಮುಟ್ಟಿದ್ರೂ ಎದ್ದು ಹೋಗ್ತೀನಿ. ಮತ್ತೆ ಬರಲ್ಲ."

ಆ ಸಂಜೆ ಕತ್ತಲೆ ಕೋಣೆಯಲ್ಲಿ ಮತ್ತೆ ಮೊದಲಿಂದ. ಮುಚ್ಚಳದ ಫೋಟೋ, ಬೆಡ್‌ಶೀಟಿನ ಫೋಟೋ, ಒಂದರ ಮೇಲೊಂದು ಕೂರಿಸುವುದು, ಎಳ್ಳಷ್ಟು ಎಳ್ಳಷ್ಟೇ ಎಳೆಯುವುದು. ಗುಲಾಬಿ ಮೂಡಿತು, ಅದರ ಮೇಲೆ ಕಪ್ಪು ಗಂಟುಗಳು. ಟಚ್ಚಪ್ಪನ ಕೈ ತಾನಾಗಿಯೇ ಬ್ರಷ್ಷಿನ ಕಡೆ ಸರಿಯಿತು. ಅವಳು ಸ್ಕ್ರೂಡ್ರೈವರಿನ ಹಿಡಿಯಿಂದ ಬೆರಳ ಗಂಟಿಗೆ ಒಂದು ಕೊಟ್ಟಳು. ಮತ್ತೆ ಸರಿಯಿತು, ಮತ್ತೆ ಒಂದು. ಪೆಟ್ಟು ಬಿದ್ದಾಗಲೆಲ್ಲ ಅವನು ಹಲ್ಲು ಕಡಿಯುತ್ತಿದ್ದ, ಅವಳ ಮೇಲಲ್ಲ, ಕೈಯ ಮೇಲೆ. ಕೊನೆಗೆ ಬಲಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತು, ಎಡಗೈಯಲ್ಲಿ ಮೌಸ್ ಹಿಡಿದ.

"ಈ ಗಂಟು ಸರಿಯಾಗಿ ಕಾಣ್ತಿಲ್ಲ," ಅಂದ ಆಮೇಲೆ, ಸಿಡುಕಿ.

"ಮುಟ್ಬೇಡ ಅಂದೆ."

"ಅಳಿಸ್ತೀನಿ ಅಂದ್ನೇನೆ? ಸುತ್ತಲಿನ ಗುಲಾಬಿ ಜಾಸ್ತಿ ಎಳೆಸಿದ್ದೀಯ, ಅದು ಮುಳುಗ್ತಿದೆ. ಸ್ವಲ್ಪ ಇಳಿಸು. ಅದು ಬೆಳಕಿನ ಮುಂದೆ ನಿಂತಿರೋದು, ಮುಂದೆ ನಿಂತ ಹಾಗೇ ಕಾಣ್ಬೇಕು."

ಅವಳು ಮೌಸ್ ತನ್ನ ಕಡೆ ಎಳೆದುಕೊಂಡು ಇಳಿಸಿದಳು. ಗಂಟು ಎದ್ದು ನಿಂತಿತು. ಇಬ್ಬರೂ ಹೌದು ಅನ್ನಲಿಲ್ಲ, ಮುಂದಿನ ಗಂಟಿಗೆ ಜಗಳಕ್ಕೆ ಬಿದ್ದರು. ಒಂದು ಅಂಚಿನಲ್ಲಿ ಹಸಿರು ಉಳಿದೇ ಹೋಯಿತು, ಎಷ್ಟು ಗುದ್ದಾಡಿದರೂ ಹೋಗಲಿಲ್ಲ. ಹೊಸಬರ ಕೆಲಸ, ಇರಲಿ ಅಂತ ಬಿಟ್ಟರು.

ಕೊನೆಯ ದಿನ ಚಿತ್ರ ಗೋಡೆಗೆ ಏರಿತು. ಜೇಬಿನಲ್ಲಿ ಮುದುರಿದ್ದ ಚೀಟಿಯನ್ನು ಮಗಳೇ ಅಂಟಿಸಿದಳು. ಟಚ್ಚಪ್ಪ ಔಷಧಿ ಅಂಗಡಿಯವನ ಎದುರು ಹೋಗಿ, "ಮೊದಲಿನದು ಅವಳದ್ದಲ್ಲ, ನನ್ನ ಕರ್ಮ. ನಗೋದಿದ್ರೆ ನನ್ನ ನೋಡಿ ನಗು," ಅಂದ. ಅವನು ಹೇಳಿದ ರೀತಿಗೆ ಯಾರಿಗೂ ನಗು ಬರಲಿಲ್ಲ. ಮೇಷ್ಟ್ರು ಮತ್ತೆ ಮೂಗು ಗಾಜಿಗೆ ತಾಗಿಸಿ, ಒಂದೊಂದೇ ಗಂಟಿನ ಮೇಲೆ ಬೆರಳು ಆಡಿಸುತ್ತಾ ಹೋದರು. "ಅಂಚಲ್ಲಿ ಹಸಿರು ಉಳಿದಿದೆ. ಮುಂದಿನ ಚಳೀಲಿ ಇದನ್ನೇ ಇನ್ನೊಮ್ಮೆ ತೆಗಿಯಮ್ಮ, ಇನ್ನಷ್ಟು ಬೆಳಕು ಕೂಡುತ್ತೆ," ಅಂದರು. ಅವಳು ಆಗಲಿ ಸರ್ ಅಂದಳು. ಅಂದರೆ ಮುಂದಿನ ಚಳಿಗೂ ಕೂಟದಲ್ಲಿ ಇರುತ್ತಾಳೆ, ಟೆಲಿಸ್ಕೋಪು ಮನೆಯಲ್ಲೇ ಇರುತ್ತದೆ. ಟಚ್ಚಪ್ಪ ಕಿಟಕಿಯ ಕಡೆ ತಿರುಗಿ ಯಾವುದೋ ಬಸ್ಸಿಗೆ ಬೈಯತೊಡಗಿದ.

ಆಮೇಲೆ ಎಷ್ಟೋ ದಿನ ಕಳೆದು, ಅವಳು ಕೆಲಸ ಮುಗಿಸಿ ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಬಂದು ಆ ಕಿರುಗುಟ್ಟುವ ಸ್ಟೂಲಿನ ಮೇಲೆ ಕೂತಳು. ನಾನಿದ್ದೆ. "ತೆಗಿ," ಅಂದಳು, ಅಷ್ಟೇ. ಅವನು ಗದ್ದ ಎತ್ತು ಅನ್ನಲಿಲ್ಲ, ಇಳಿಸು ಅನ್ನಲಿಲ್ಲ. ದೀಪವನ್ನು ಎಡಗಡೆಗೆ ಸರಿಸಿದ, ಆ ಕೆನ್ನೆಗೆ ಬೆಳಕು ಬೀಳುವ ಹಾಗೆ. ತೆಗೆದದ್ದನ್ನು ಹಾಗೇ ಪ್ರಿಂಟ್ ಹಾಕಿದ. ಅಸಲು ಫೈಲನ್ನೂ ಅಳಿಸಲಿಲ್ಲ. ದೊಡ್ಡ ಕಟ್ಟು ಹಾಕಿಸಿ ಅಂಗಡಿಯ ಗಾಜಿನ ಹಿಂದೆ, ಬೀದಿಗೆಲ್ಲ ಕಾಣುವ ಹಾಗೆ ನಿಲ್ಲಿಸಿದ. ಆಲ್ಬಮ್ಮಿನ ಫೋಟೋಗಳು ಹಾಗೇ ಇವೆ, ಅವುಗಳ ಕೆನ್ನೆಗೆ ಮಚ್ಚೆ ಮರಳಿ ತರುವ ವಿದ್ಯೆ ಅವನಿಗೂ ಇಲ್ಲ. ಅವುಗಳನ್ನು ತೆರೆದರೆ ಈಗಲೂ ಅವಳ ಮುಖ ಬಿಗಿಯುತ್ತದಂತೆ.

ಕೋಪ ಬಿಟ್ಟನಾ ಅಂತ ಕೇಳುತ್ತೀಯ. ಎಲ್ಲಿಂದ ಬಿಡುತ್ತಾನೆ? ಮೊನ್ನೆ ಒಬ್ಬ ಗಿರಾಕಿ, ಹೇಗೋ ದಾರಿತಪ್ಪಿ ಬಂದವನು, ಕನ್ನಡಿ ಮುಂದೆ ಪೌಡರ್ ಹಚ್ಚಿಕೊಳ್ಳುತ್ತಾ ಗಾಜಿನ ಕಡೆ ಕೈ ತೋರಿಸಿದ. "ಆ ಫೋಟೋದಲ್ಲಿ ಕೆನ್ನೆ ಮೇಲೆ ಕಪ್ಪಿದೆ ನೋಡಿ, ತೆಗಿಯೋದು ಮರ್ತಿದ್ದೀರ."

ಟಚ್ಚಪ್ಪ ಅವನ ಕೈಯಿಂದ ಪೌಡರ್ ಡಬ್ಬಿ ಕಿತ್ತುಕೊಂಡ. "ಇಳಿ ಅಂಗಡಿಯಿಂದ."

"ಫೋಟೋ ತೆಗೀಬೇಕಿತ್ತು..."

"ನಿನ್ನ ಮುಖ ನಿನ್ನ ಹತ್ರಾನೇ ಇರ್ಲಿ. ಇಳಿ ಅಂದೆ."

ಆ ಮನುಷ್ಯ ಒಂದೇ ಕೆನ್ನೆಗೆ ಪೌಡರ್ ಹಾಕಿಕೊಂಡು ಬೀದಿಯುದ್ದಕ್ಕೂ ಓಡಿದ. ನಾನು ಅವನ ಹಿಂದೆಯೇ ಹೋಗಿ ನೋಡಿದೆ, ಮೂಲೆಯ ಪೆಟ್ಟಿಗೆ ಅಂಗಡಿಯ ಹತ್ತಿರ ಒಂದು ನಾಯಿ ಅವನನ್ನು ಅಡ್ಡಗಟ್ಟಿತು, ಅದು ಬೇರೆ ಯಾವುದೂ ಅಲ್ಲ, ಹಿಂದೆ ಗೋಡೆಯ ಫೋಟೋಗೆ ಬೊಗಳಿತ್ತಲ್ಲ, ಅದೇ...

ಬಂದೆ ಕಣೇ, ಬಂದೆ. ಕೇಳಿಸ್ತು. ತಟ್ಟೆ ಹಾಕಿದ್ದಾಳಂತೆ ನಿನ್ನ ಅಜ್ಜಿ, ಇನ್ನೊಂದು ಸಲ ಕೂಗಿದರೆ ಅದು ಹಾರಿಕೊಂಡು ಇಲ್ಲಿಗೇ ಬರುತ್ತದೆ. ಏಳು, ಕೈ ತೊಳೆದುಕೋ.